ದಾರಿ ಮೊದಲೋ, ಗಾಡಿ ಮೊದಲೋ?

ಒಂದು ದೇಶದ ಜನ ಎಷ್ಟು ಮುಂದುವರಿದಿದ್ದಾರೆಂದು ತಿಳಿಯಲು ಅಲ್ಲಿನ ಮೋಟಾರು ಕಾರುಗಳನ್ನು ಎಣಿಸಿ ನೋಡುವ ವಾಡಿಕೆ ಬಹಳ ದಿನಗಳಿಂದ ಬಂದಿದೆ. ಸಾವಿರ ಜನರಿಗೆ ಇಷ್ಟು ಕಾರು ಎಂಬ ಲೆಕ್ಕವನ್ನು ಮುಂದಿಟ್ಟು, ಈ ದೇಶ ಸಿರಿವಂತ, ಆ ದೇಶ ಬಡವ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆದರೆ ಕಾರೆಂಬುದು ಬಟ್ಟೆಯಂತೆ, ಒಡವೆಯಂತೆ ಕೊಂಡು ತಂದು ಮನೆಯಲ್ಲಿಟ್ಟುಕೊಳ್ಳುವ ವಸ್ತುವಲ್ಲ. ಕೊಳ್ಳಲು ಒಬ್ಬನ ಕೈಯಲ್ಲಿ ಹಣವಿದ್ದರೆ ಸಾಕು. ಓಡಿಸಲು ಮಾತ್ರ ಎಲ್ಲರಿಗೂ ಸೇರಿದ ರಸ್ತೆ ಬೇಕು. ಹಣ ಮನೆಯದು, ದಾರಿ ಸಮಾಜದ್ದು. ಇವೆರಡರಲ್ಲಿ ಯಾವುದು ಮುಂದೆ ಬಂತು, ಯಾವುದು ಹಿಂದೆ ಉಳಿಯಿತು ಎಂಬುದಕ್ಕೆ ತಕ್ಕಂತೆ ಒಂದೊಂದು ದೇಶದ ಮೋಟಾರು ಚರಿತ್ರೆ ಒಂದೊಂದು ಬಗೆಯಾಗಿದೆ.

ಮೊದಲು ಅಮೆರಿಕ ದೇಶವನ್ನು ನೋಡೋಣ. ೧೯೦೦ರಲ್ಲಿ ಅಲ್ಲಿದ್ದ ಕಾರುಗಳು ಸುಮಾರು ಎಂಟು ಸಾವಿರ. ೧೯೦೪ರಲ್ಲಿ ಅಲ್ಲಿನ ಸರ್ಕಾರ ಹಳ್ಳಿಗಾಡಿನ ರಸ್ತೆಗಳ ಲೆಕ್ಕ ತೆಗೆದಾಗ, ಇಪ್ಪತ್ತು ಲಕ್ಷ ಮೈಲಿಗಿಂತ ಹೆಚ್ಚಿನ ದಾರಿಯಲ್ಲಿ ನೂರಕ್ಕೆ ಏಳರಷ್ಟು ಮಾತ್ರ ಜಲ್ಲಿ ಕಂಡಿತ್ತು. ಉಳಿದದ್ದೆಲ್ಲ ಮಳೆ ಬಂದರೆ ಕೆಸರು, ಬಿಸಿಲು ಬಂದರೆ ಧೂಳು. ಒಳ್ಳೆಯ ರಸ್ತೆ ಬೇಕೆಂದು ಅಲ್ಲಿ ಮೊದಲು ಕೂಗೆಬ್ಬಿಸಿದವರು ಕಾರಿನ ಒಡೆಯರಲ್ಲ, ಹತ್ತೊಂಬತ್ತನೆಯ ಶತಮಾನದ ಸೈಕಲ್ ಸವಾರರು ಎಂಬುದು ನೆನಪಿಡತಕ್ಕ ಸಂಗತಿ.

೧೯೦೮ರಲ್ಲಿ ಹೆನ್ರಿ ಫೋರ್ಡ್ ತನ್ನ ‘ಮಾಡೆಲ್ ಟಿ’ ಕಾರನ್ನು ಮಾರಾಟಕ್ಕೆ ತಂದಾಗ ಅದರ ಬೆಲೆ ಸುಮಾರು ೮೫೦ ಡಾಲರ್. ೧೯೧೩ರಲ್ಲಿ ಅವನ ಕಾರ್ಖಾನೆಯಲ್ಲಿ, ಕೆಲಸಗಾರನು ಗಾಡಿಯ ಬಳಿಗೆ ಹೋಗುವುದರ ಬದಲು ಗಾಡಿಯೇ ಕೆಲಸಗಾರನ ಬಳಿಗೆ ಸರಿದು ಬರುವ ಏರ್ಪಾಡು ಆಯಿತು. ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಜೋಡಣೆಯ ಕೆಲಸ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ೧೯೧೪ರ ಜನವರಿಯಲ್ಲಿ ಅವನು, ಕೆಲವು ನಿಬಂಧನೆಗಳಿಗೆ ಒಳಪಟ್ಟು, ದಿನಗೂಲಿಯನ್ನು ಸುಮಾರು ೨.೩೪ ಡಾಲರಿನಿಂದ ೫ ಡಾಲರಿಗೆ ಏರಿಸಿದನು. ಅತ್ತ ಕಾರಿನ ಬೆಲೆ ಇಳಿಯುತ್ತ ಬಂದು ೧೯೨೫ರ ಹೊತ್ತಿಗೆ ಅತಿ ಅಗ್ಗದ ಮಾದರಿ ೨೬೦ ಡಾಲರಿಗೆ ಸಿಕ್ಕಿತು. ಓದುಗರು ತಾವೇ ಲೆಕ್ಕ ಹಾಕಬಹುದು: ಹಳೆಯ ಕೂಲಿಯಲ್ಲಿ ಹಳೆಯ ಬೆಲೆ ಎಂದರೆ ೩೬೦ ದಿನಗಳಿಗೂ ಮೀರಿದ ದುಡಿಮೆ, ಐದು ಡಾಲರಿನ ಕೂಲಿಯಲ್ಲಿ ಹೊಸ ಬೆಲೆ ಎಂದರೆ ೫೨ ದಿನಗಳದು. ಸಾಲದುದಕ್ಕೆ ಕಂತಿನ ಮೇಲೆ ಕಾರು ಕೊಡುವ ಪದ್ಧತಿಯೂ ಹರಡಿತು. ೧೯೨೯ರ ಹೊತ್ತಿಗೆ ಆ ದೇಶದಲ್ಲಿ ಎರಡು ಕೋಟಿ ಮೂವತ್ತು ಲಕ್ಷ ಕಾರುಗಳಿದ್ದವು. ಹೆಚ್ಚುಕಡಿಮೆ ಐದು ಜನಕ್ಕೆ ಒಂದು!

ಗಾಡಿ ಬಂದ ಮೇಲೆ ದಾರಿ ಬಂತು. ೧೯೧೬ರಲ್ಲಿಯೂ ೧೯೨೧ರಲ್ಲಿಯೂ ಕೇಂದ್ರ ಸರ್ಕಾರ ಹೆದ್ದಾರಿಗಳಿಗೆ ನೆರವು ನೀಡುವ ಕಾಯಿದೆಗಳನ್ನು ಮಾಡಿತು. ೧೯೧೯ರಲ್ಲಿ ಆರೆಗನ್ ಸಂಸ್ಥಾನವು ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಒಂದು ಸೆಂಟ್ ತೆರಿಗೆ ಹಾಕಿತು. ಹತ್ತೇ ವರ್ಷಗಳಲ್ಲಿ ಎಲ್ಲ ಸಂಸ್ಥಾನಗಳೂ ಅದೇ ಹಾದಿ ಹಿಡಿದವು. ಓಡಿಸುವವನೇ ದಾರಿಗೆ ದುಡ್ಡು ಕೊಟ್ಟನು. ದಾರಿ ಚೆನ್ನಾದಂತೆ ಓಡಿಸುವವರು ಹೆಚ್ಚಿದರು. ಅವರು ಹೆಚ್ಚಿದಂತೆ ದಾರಿಗೆ ಹಣ ಹೆಚ್ಚಿತು. ೧೯೫೬ರಲ್ಲಿ ಮಂಜೂರಾದ ೪೧,೦೦೦ ಮೈಲಿಗಳ ಅಂತರರಾಜ್ಯ ಹೆದ್ದಾರಿ ಈ ಚಕ್ರದ ದೊಡ್ಡ ಸುತ್ತು.

ಇದಕ್ಕೆ ತೀರ ವಿರುದ್ಧವಾದ ಕಥೆ ಜರ್ಮನಿಯದು. ಅಲ್ಲಿ ೧೯೩೩ರಿಂದ ಹಿಟ್ಲರನ ಸರ್ಕಾರ ‘ಆಟೋಬಾನ್’ ಎಂಬ ವಿಶಾಲ ರಸ್ತೆಗಳನ್ನು ಹಾಕತೊಡಗಿತು. ಯುದ್ಧದ ನಡುವೆ ಕೆಲಸ ನಿಲ್ಲುವಷ್ಟರಲ್ಲಿ ಸುಮಾರು ೩,೮೦೦ ಕಿಲೋಮೀಟರು ಮುಗಿದಿತ್ತು. ಕಾರುಗಳು ಮಾತ್ರ ವಿರಳ. ಕೂಲಿಯವನ ಸಂಪಾದನೆಗೆ ಅವು ಎಟುಕುತ್ತಿರಲಿಲ್ಲ. ೧೯೩೮ರಲ್ಲಿ ಒಂದು ಉಳಿತಾಯ ಯೋಜನೆ ಹೊರಟಿತು: ವಾರಕ್ಕೆ ೫ ಮಾರ್ಕಿನಂತೆ ಚೀಟಿ ಅಂಟಿಸುತ್ತ ಬಂದು ೯೯೦ ಮಾರ್ಕ್ ತುಂಬಿದವನಿಗೆ ಒಂದು ‘ಜನತೆಯ ಕಾರು’. ಅಂದರೆ ಸುಮಾರು ನಾಲ್ಕು ವರ್ಷಗಳ ಉಳಿತಾಯ. ಮೂರು ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿದರು. ಅವರಲ್ಲಿ ಒಬ್ಬನಿಗೂ ಕಾರು ಸಿಗಲಿಲ್ಲ. ಕಾರ್ಖಾನೆ ಯುದ್ಧದ ವಾಹನಗಳನ್ನು ಮಾಡಿತು, ಹಣ ಮುಳುಗಿತು. ವರ್ಷಗಟ್ಟಲೆ ವ್ಯಾಜ್ಯ ನಡೆದು, ೧೯೬೧ರಲ್ಲಿ ಅವರಿಗೆ ಹೊಸ ಕಾರಿನ ಬೆಲೆಯಲ್ಲಿ ಸ್ವಲ್ಪ ಸೋಡಿ ಅಥವಾ ಕೈಗೆ ಅಲ್ಪ ಹಣ ಎಂದು ತೀರ್ಮಾನವಾಯಿತು. ದಾರಿ ಇದ್ದರೂ ಬೊಕ್ಕಣ ತುಂಬದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಕಿಲ್ಲ. ಅದೇ ಕಾರ್ಖಾನೆ, ಪಶ್ಚಿಮ ಜರ್ಮನಿಯ ಜನರ ಸಂಪಾದನೆ ಏರಿದ ಮೇಲೆ, ೧೯೫೫ರ ಆಗಸ್ಟಿನಲ್ಲಿ ತನ್ನ ಹತ್ತು ಲಕ್ಷದ ‘ಬೀಟಲ್’ ಕಾರನ್ನು ಹೊರತಂದಿತು.

ಜಪಾನಿನಲ್ಲಿ ಹಣ ಮುಂದೆ ಓಡಿತು, ದಾರಿ ಹಿಂದೆ ಉಳಿಯಿತು. ೧೯೫೬ರಲ್ಲಿ ಅಲ್ಲಿಗೆ ಬಂದ ಅಮೆರಿಕದ ವಾಟ್ಕಿನ್ಸ್ ತಂಡವು, ಕೈಗಾರಿಕೆ ಬೆಳೆದ ಯಾವ ದೇಶವೂ ತನ್ನ ರಸ್ತೆಗಳನ್ನು ಇಷ್ಟು ಕಡೆಗಣಿಸಿಲ್ಲವೆಂದು ಮುಚ್ಚುಮರೆಯಿಲ್ಲದೆ ವರದಿ ಮಾಡಿತು. ಮೊದಲ ದರ್ಜೆಯ ರಾಷ್ಟ್ರೀಯ ಹೆದ್ದಾರಿಗಳಲ್ಲೂ ಮುಕ್ಕಾಲು ಪಾಲಿಗೆ ಡಾಂಬರಿರಲಿಲ್ಲ. ೧೯೬೦ರಲ್ಲಿ ಪ್ರಧಾನಿ ಇಕೆಡ ಹತ್ತು ವರ್ಷಗಳಲ್ಲಿ ರಾಷ್ಟ್ರದ ಆದಾಯವನ್ನು ಇಮ್ಮಡಿ ಮಾಡುವ ಯೋಜನೆ ಹಾಕಿದರು. ಅದು ಅವಧಿಗೆ ಮುಂಚೆಯೇ ಕೈಗೂಡಿತು. ಪೆಟ್ರೋಲ್ ತೆರಿಗೆಯ ಹಣ ರಸ್ತೆಗೆ ಮೀಸಲಾಯಿತು. ವಿಶ್ವಬ್ಯಾಂಕಿನ ಸಾಲ ಬಂತು. ೧೯೬೩ರಲ್ಲಿ ಮೈಶಿನ್ ಹೆದ್ದಾರಿಯ ಮೊದಲ ಭಾಗ ತೆರೆಯಿತು. ೧೯೬೬ರಲ್ಲಿ ನಿಸ್ಸಾನಿನ ‘ಸನ್ನಿ’, ಟೊಯೊಟಾದ ‘ಕೊರೊಲಾ’ ಎಂಬ ಸಣ್ಣ ಸಂಸಾರದ ಕಾರುಗಳು ಬಂದವು. ಆದರೆ ಜಪಾನೀಯರು ಒಂದು ಜಾಣತನ ಮಾಡಿದ್ದರು. ಕಾರು ನಿಲ್ಲಿಸಲು ಜಾಗವಿದೆಯೆಂದು ತೋರಿಸದೆ ಕಾರಿಟ್ಟುಕೊಳ್ಳುವಂತಿಲ್ಲ ಎಂಬ ಕಾಯಿದೆಯನ್ನು ೧೯೬೨ರಲ್ಲಿಯೇ ತಂದಿದ್ದರು.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ದಾರಿಯ ಚಿಂತೆ ಬಹು ಹಿಂದೆಯೇ ಮೊದಲಾಯಿತು. ೧೯೨೭ರಲ್ಲಿ ಮುಂಬಯಿಯ ಎಂ. ಆರ್. ಜಯಕರರ ಅಧ್ಯಕ್ಷತೆಯಲ್ಲಿ ರಸ್ತೆ ಸಮಿತಿ ನೇಮಕವಾಯಿತು. ಅದರ ಸಲಹೆಯಂತೆ ಪೆಟ್ರೋಲಿನ ಮೇಲೆ ಹೆಚ್ಚುವರಿ ಸುಂಕ ಹಾಕಿ ೧೯೨೯ರಲ್ಲಿ ಕೇಂದ್ರ ರಸ್ತೆ ನಿಧಿಯನ್ನು ಸ್ಥಾಪಿಸಲಾಯಿತು. ೧೯೪೩ರಲ್ಲಿ ನಾಗಪುರದಲ್ಲಿ ಸೇರಿದ ಇಂಜಿನಿಯರುಗಳು ಇಡೀ ದೇಶಕ್ಕೆ ಇಪ್ಪತ್ತು ವರ್ಷಗಳ ರಸ್ತೆ ಯೋಜನೆ ಬರೆದರು.

ಗಾಡಿಯ ಚಿಂತೆ ಮಾಡಿದವರಲ್ಲಿ ಮೊದಲಿಗರು ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು. ೧೯೩೫ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಮುಂಬಯಿಯಲ್ಲಿ ಅಂಥದೊಂದನ್ನು ಸ್ಥಾಪಿಸಲು ಯೋಜನೆ ಸಿದ್ಧಪಡಿಸಿದರು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಆ ಪ್ರಯತ್ನದಲ್ಲಿ ಜತೆಗೂಡಿದ್ದ ವಾಲಚಂದ್ ಹೀರಾಚಂದರು ೧೯೪೪ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಹುಟ್ಟುಹಾಕಿದರು. ಮುಂಬಯಿಯ ಕನ್ನಡಿಗರು ದಶಕಗಳ ಕಾಲ ಹತ್ತಿಳಿದ ಕಪ್ಪು-ಹಳದಿ ‘ಪದ್ಮಿನಿ’ ಟ್ಯಾಕ್ಸಿ ಆ ಕುರ್ಲಾ ಕಾರ್ಖಾನೆಯ ಮಗಳೇ. ೨೦೨೩ರ ಅಕ್ಟೋಬರಿನಲ್ಲಿ ಅದು ನಗರದ ಬೀದಿಗಳಿಂದ ಬೀಳ್ಕೊಂಡಿತು.

ಸ್ವಾತಂತ್ರ್ಯ ಬಂದ ಮೇಲೂ ಕಾರು ದುಬಾರಿ. ಹಣವಿದ್ದವನೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ಕಾರು ಬಂದ ಮೇಲೆ ಆ ಗಂಟು ಸಡಿಲವಾಯಿತು. ೨೦೦೨ರಲ್ಲಿ ಮುಂಬಯಿ-ಪುಣೆ ವೇಗದ ಹೆದ್ದಾರಿ ಪೂರ್ತಿಯಾಯಿತು. ಈಗ ನಮ್ಮ ರಸ್ತೆಗಳ ಒಟ್ಟು ಉದ್ದ ಅರವತ್ತು ಲಕ್ಷ ಕಿಲೋಮೀಟರಿಗೂ ಹೆಚ್ಚು. ಈ ಲೆಕ್ಕದಲ್ಲಿ ಜಗತ್ತಿನಲ್ಲಿ ಅಮೆರಿಕವನ್ನು ಬಿಟ್ಟರೆ ನಾವೇ. ಹೀಗಿದ್ದೂ ೨೦೧೧ರ ಜನಗಣತಿಯಲ್ಲಿ ಕಾರಿದ್ದ ಕುಟುಂಬಗಳು ನೂರಕ್ಕೆ ೪.೭ ಮಾತ್ರ, ಸ್ಕೂಟರ್, ಮೋಟಾರ್ ಸೈಕಲ್ ಇದ್ದವು ೨೧, ಸೈಕಲ್ ಇದ್ದವು ಸುಮಾರು ೪೫. ರಸ್ತೆಯ ಉದ್ದವೊಂದೇ ಮನೆಗೆ ಕಾರು ತರಲಾರದು. ಮನೆಯವರ ವರಮಾನ ಯಾವ ಗಾಡಿಗೆ ಸಾಲುವುದೋ ಆ ಗಾಡಿ ದಾರಿಗಿಳಿಯುತ್ತದೆ.

ವಿದ್ವಾಂಸರ ಲೆಕ್ಕವೂ ಇದನ್ನೇ ಹೇಳುತ್ತದೆ. ಡಾರ್ಗೇ, ಗೇಟ್ಲಿ, ಸೊಮ್ಮರ್ ಎಂಬವರು ೪೫ ದೇಶಗಳ ಅಂಕಿಗಳನ್ನು ಕೂಡಿಸಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡತನದಲ್ಲಿ ವಾಹನಗಳು ಮೆಲ್ಲಗೆ ಹೆಚ್ಚುತ್ತವೆ. ತಲಾ ವರಮಾನ ವರ್ಷಕ್ಕೆ ಮೂರು ಸಾವಿರದಿಂದ ಹತ್ತು ಸಾವಿರ ಡಾಲರಿನ ನಡುವೆ ಇರುವಾಗ ವರಮಾನದ ಎರಡರಷ್ಟು ವೇಗದಲ್ಲಿ ಏರುತ್ತವೆ. ಸಿರಿವಂತಿಕೆ ಬಂದ ಮೇಲೆ ಏರಿಕೆ ತಗ್ಗಿ ನಿಲ್ಲುತ್ತದೆ. ವಿಶ್ವಬ್ಯಾಂಕಿನ ಇಂಗ್ರಾಮ್ ಮತ್ತು ಲಿಯು ೧೯೯೯ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು: ವರಮಾನ ಏರಿದಂತೆ ದೇಶದ ರಸ್ತೆಗಳೇನೋ ಬೆಳೆಯುತ್ತವೆ, ಆದರೆ ನಗರದೊಳಗಿನ ರಸ್ತೆಗಳು ಕಾರುಗಳ ವೇಗದಲ್ಲಿ ಬೆಳೆಯಲಾರವು. ಮನೆಗಳು ಎದ್ದ ಮೇಲೆ ಬೀದಿಯನ್ನು ಹಿಗ್ಗಿಸುವುದು ಹೇಗೆ?

ಆದ್ದರಿಂದಲೇ ಸಿಂಗಪುರ ಬೇರೊಂದು ದಾರಿ ಹಿಡಿಯಿತು. ಹಣಕ್ಕೂ ರಸ್ತೆಗೂ ಅಲ್ಲಿ ಕೊರತೆಯಿಲ್ಲ. ಆದರೂ ೧೯೯೦ರಿಂದ ಅಲ್ಲಿ ಕಾರಿಡಲು ಹತ್ತು ವರ್ಷಗಳ ಹಕ್ಕುಪತ್ರವನ್ನು ಹರಾಜಿನಲ್ಲಿ ಕೊಳ್ಳಬೇಕು; ೨೦೨೩ರಲ್ಲಿ ಅದರ ಬೆಲೆ ಒಂದು ಲಕ್ಷ ಸಿಂಗಪುರ ಡಾಲರನ್ನು ದಾಟಿತ್ತು. ಕಾರಿಲ್ಲದವನು ಅಲ್ಲಿ ಬಡವನೆನಿಸಿಕೊಳ್ಳುವುದಿಲ್ಲ, ಏಕೆಂದರೆ ರೈಲೂ ಬಸ್ಸೂ ಅವನನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತವೆ.

ಹೊರನಾಡಿನಲ್ಲಿರುವ ನಮಗೆ ಈ ಚರಿತ್ರೆ ದೂರದ್ದಲ್ಲ. ಲೋಕಲ್ ರೈಲಿನಲ್ಲಿ ನಿಂತು ದುಡಿಯಲು ಹೋಗಿ, ರಾತ್ರಿಯ ಬಸ್ಸಿನಲ್ಲಿ ಕುಳಿತು ಊರಿಗೆ ಹೋಗಿಬಂದ ಸಂಸಾರಗಳು ನಮ್ಮವು. ಈಗ ಅನೇಕ ಮನೆಗಳ ಮುಂದೆ ಕಾರು ನಿಂತಿದೆ; ಮಕ್ಕಳ ಕಾಲಕ್ಕೆ ಇನ್ನೂ ಹೆಚ್ಚು ಮನೆಗಳ ಮುಂದೆ ನಿಲ್ಲಲಿದೆ. ಅದು ಸಂತೋಷದ ಮಾತೇ. ಆದರೆ ದೇಶವೀಗ ಆ ಏರಿಕೆಯ ಮೆಟ್ಟಿಲಿನ ಮೇಲೆ ನಿಂತಿರುವಾಗ, ರಸ್ತೆಯ ಹಣದಲ್ಲಿ ಎಷ್ಟು ಪಾಲು ಕಾರಿಗೆ, ಎಷ್ಟು ಬಸ್ಸಿಗೆ, ಎಷ್ಟು ನಡೆದು ಹೋಗುವವನಿಗೆ ಎಂಬುದನ್ನು ಇಂದೇ ಗೊತ್ತುಮಾಡಿಕೊಳ್ಳಬೇಕು. ಹಾಕಿದ ರಸ್ತೆಯನ್ನು ಮುಂದಿನ ತಲೆಮಾರು ಸುಲಭವಾಗಿ ಅಳಿಸಲಾರದು; ಕಾರು ಹತ್ತು ಹದಿನೈದು ವರ್ಷಕ್ಕೆ ಹಳೆಯದಾಗುತ್ತದೆ, ದಾರಿ ನೂರು ವರ್ಷ ಇರುತ್ತದೆ.