ಏಕೀಕರಣ ಕಾಲದ ತತ್ತ್ವನಿಷ್ಠೆ ಮತ್ತು ಹೊಣೆಗಾರಿಕೆ

ರಾಜ್ಯಗಳು ಒಂದುಗೂಡುವಾಗಲಾಗಲಿ ಅಗಲುವಾಗಲಾಗಲಿ ರಾಜಕಾರಣಿಗಳ ತತ್ತ್ವನಿಷ್ಠೆಯು ಪರೀಕ್ಷೆಗೆ ಒಳಗಾಗುತ್ತದೆ. ಬ್ರಿಟನ್ ದೇಶವು ಯುರೋಪಿನ ಒಕ್ಕೂಟವನ್ನು ತೊರೆದಾಗ (2016–2020) ಎದ್ದ ಈ ಪ್ರಶ್ನೆಯು ಮೈಸೂರಿಗೆ 1955ರಲ್ಲಿಯೇ ಎದುರಾಗಿತ್ತು.

ರಾಜ್ಯ ಪುನರ್ವಿಂಗಡಣಾ ಆಯೋಗವು ಆ ವರ್ಷದ ಸೆಪ್ಟೆಂಬರಿನಲ್ಲಿ ಕನ್ನಡ ಪ್ರದೇಶಗಳ ಏಕೀಕರಣವನ್ನು ಶಿಫಾರಸು ಮಾಡಿತು. ಹಳೆಯ ಮೈಸೂರಿನ ಅನೇಕ ಶಾಸಕರು ಇದಕ್ಕೆ ಒಪ್ಪಲಿಲ್ಲ. ಹಿಂದುಳಿದ ಸೀಮೆಗಳ ಭಾರವು ಮೈಸೂರಿನ ಬೊಕ್ಕಸದ ಮೇಲೆ ಬೀಳುವುದೆಂಬುದು ಅವರ ಒಂದು ವಾದ. ಒಕ್ಕಲಿಗರ ಪ್ರಾಬಲ್ಯವು ಕುಗ್ಗುವುದೆಂಬ ಅಂಜಿಕೆಯೂ ಅದರೊಡನೆ ಬೆರೆತಿತ್ತು. ಮುಖ್ಯಮಂತ್ರಿಗಳಾಗಿದ್ದ ಶ್ರೀ ಕೆಂಗಲ್ ಹನುಮಂತಯ್ಯನವರು ರಾಮನಗರದ ಪ್ರತಿನಿಧಿಗಳು, ಸ್ವತಃ ಒಕ್ಕಲಿಗರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಆ ಸಮುದಾಯದ ಬಲವಾದ ನೆಲೆಗಳು. ಆದಾಗ್ಯೂ ಅವರು ಏಕೀಕರಣವನ್ನೇ ಎತ್ತಿಹಿಡಿದರು.

1956ರ ಆಗಸ್ಟಿನಲ್ಲಿ ಸ್ವಪಕ್ಷದ ಶಾಸಕರ ವಿಶ್ವಾಸವನ್ನು ಕಳೆದುಕೊಂಡು ಅವರು ಅಧಿಕಾರವನ್ನು ಬಿಡಬೇಕಾಯಿತು. ಇದಕ್ಕೆ ಏಕೀಕರಣವೊಂದೇ ಕಾರಣವೆನ್ನಲಾಗದು. ಪಕ್ಷದ ಒಳಜಗಳಗಳೂ ಕೂಡಿಕೊಂಡಿದ್ದವು. ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಮುಖ್ಯಮಂತ್ರಿಗಳಾದವರು ಶ್ರೀ ನಿಜಲಿಂಗಪ್ಪನವರು.

ಜನಮತಗಣನೆಯಲ್ಲಿ ಸೋತ ಡೇವಿಡ್ ಕ್ಯಾಮೆರನ್ನರು 2016ರಲ್ಲಿ ಪ್ರಧಾನಿಪದವನ್ನೂ ಅನಂತರ ಸಂಸತ್ತಿನ ಸ್ಥಾನವನ್ನೂ ತ್ಯಜಿಸಿದರು. ಪದತ್ಯಾಗವೂ ಹೊಣೆಗಾರಿಕೆಯ ಒಂದು ರೂಪವೆಂಬುದು ನಿಜ. ಹನುಮಂತಯ್ಯನವರಾದರೋ 1957ರಲ್ಲಿ ರಾಮನಗರದ ಮತದಾರರ ಮುಂದೆಯೇ ಮರಳಿ ನಿಂತು ಗೆದ್ದರು. ಶಾಸಕರ ಭೀತಿಯೇ ಜನರ ಭೀತಿಯೆಂದು ಭಾವಿಸುವ ಇತಿಹಾಸಕಾರನು ಈ ಫಲಿತಾಂಶವನ್ನು ಗಮನಿಸತಕ್ಕದ್ದು. ಜನರ ಪ್ರಾಬಲ್ಯಕ್ಕೆ ಕುಂದು ತರಬಹುದಾದ ನಿರ್ಣಯವನ್ನು ಕೈಗೊಂಡು, ಅದೇ ಜನರ ತೀರ್ಪಿಗೆ ತಲೆಬಾಗಿದ ಈ ನಿದರ್ಶನದಲ್ಲಿ ತತ್ತ್ವವೂ ಹೊಣೆಗಾರಿಕೆಯೂ ಒಟ್ಟಿಗೆ ಕಾಣುತ್ತವೆ.