ಕಿಟ್ಟೊ, ಕಾರ್ಲ್‌ಟನ್

1942-2016. ಬೆಂಗಳೂರಿನಲ್ಲಿ ಹುಟ್ಟಿ ಕೋಲ್ಕತ್ತದಲ್ಲಿ ಬಾಳಿದ ಜಾಝ್ ಗಿಟಾರ್ ವಾದಕ, ಸಂಗೀತ ಶಿಕ್ಷಕ. ಆಂಗ್ಲೋ-ಇಂಡಿಯನ್ ಮನೆತನದವರು. ಜಾಝ್‌ನ ಬೀಬಾಪ್ ಶೈಲಿಯನ್ನು ಕೊನೆಯವರೆಗೂ ಕೈಬಿಡದ ಭಾರತೀಯ ಗಿಟಾರಿಗರು ಬೆರಳೆಣಿಕೆಯಷ್ಟು. ಅವರಲ್ಲಿ ಇವರ ಹೆಸರು ಮೊದಲ ಸಾಲಿನದು.

ಕಿಟ್ಟೊ ಹುಟ್ಟಿದ ವರ್ಷವೇ ಅಮೆರಿಕದಲ್ಲಿ ಜಾಝ್ ಗಿಟಾರಿಗ ಚಾರ್ಲಿ ಕ್ರಿಶ್ಚಿಯನ್ ತೀರಿಕೊಂಡ. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಈತ, ಅಲ್ಲಿಯವರೆಗೆ ಹಿಮ್ಮೇಳದಲ್ಲಿ ಉಳಿದಿದ್ದ ಗಿಟಾರಿಗೆ ಆಂಪ್ಲಿಫೈಯರ್ ಜೋಡಿಸಿ ಅದನ್ನು ಸ್ಯಾಕ್ಸೊಫೋನಿನ ಸಮಕ್ಕೆ ತಂದ; ಸತ್ತಾಗ ವಯಸ್ಸು 25. ಅವನ ರೆಕಾರ್ಡುಗಳೇ ಕಿಟ್ಟೊಗೆ ಪಾಠವಾದವು. ಇವರದು ಬಹುಮಟ್ಟಿಗೆ ಸ್ವಂತ ಕಲಿಕೆ. ಆ ಕಾಲದ ಭಾರತೀಯ ಜಾಝ್ ವಾದಕರಲ್ಲಿ ಹಲವರು ಹೀಗೆಯೇ ಕಲಿತವರು: ಗ್ರಾಮಫೋನಿನ ಮುಳ್ಳನ್ನು ಎತ್ತಿ ಎತ್ತಿ ಅದೇ ಜಾಗಕ್ಕೆ ಇಡುವುದು, ನಾಲ್ಕು ಸ್ವರ ಕಿವಿಗೆ ಸಿಕ್ಕರೆ ತಂತಿಯ ಮೇಲೆ ಹುಡುಕುವುದು. 1955ರಿಂದ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲ್ಲಿಸ್ ಕೊನೊವರ್ ನಡೆಸಿದ ಜಾಝ್ ಕಾರ್ಯಕ್ರಮವನ್ನು ಶಾರ್ಟ್‌ವೇವ್‌ನಲ್ಲಿ ಹಿಡಿದು ಕೇಳುವುದು ಇನ್ನೊಂದು ದಾರಿ. ಬೆಂಗಳೂರು ದಂಡು ಪ್ರದೇಶದ ಕ್ಲಬ್ಬುಗಳಲ್ಲಿ ನೃತ್ಯಸಂಗೀತಕ್ಕೆ ಬೇಡಿಕೆ ಇತ್ತು. 1963ರಲ್ಲಿ ಡ್ಯೂಕ್ ಎಲಿಂಗ್ಟನ್ ಜಾಝ್ ತಂಡದ ಭಾರತ ಪ್ರವಾಸದ ಪಟ್ಟಿಯಲ್ಲಿ ಈ ಊರೂ ಸೇರಿತ್ತು.

ಆದರೆ ಜಾಝ್ ನುಡಿಸಿ ಹೊಟ್ಟೆ ಹೊರೆಯಬೇಕೆಂದರೆ ಅಂದು ಕಲ್ಕತ್ತೆಗೋ ಮುಂಬಯಿಗೋ ಹೋಗಬೇಕಿತ್ತು. 1970ರ ದಶಕದಲ್ಲಿ ಕಿಟ್ಟೊ ಕಲ್ಕತ್ತೆ ಸೇರಿದರು. ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್, ಬ್ಲೂ ಫಾಕ್ಸ್, ಮೊಕಾಂಬೊ, ಮೂಲಾಂ ರೂಜ್‌ಗಳಲ್ಲಿ ರಾತ್ರಿಯೂಟಕ್ಕೆ ಬ್ಯಾಂಡ್ ಇರಲೇಬೇಕಿದ್ದ ದಿನಗಳ ಕೊನೆಯ ಘಟ್ಟ ಅದು. ಮನರಂಜನಾ ತೆರಿಗೆ ಏರಿತು, ನಕ್ಸಲ್ ಗಲಭೆಯ ಭಯ ಇನ್ನೂ ಆರಿರಲಿಲ್ಲ, ಕರೆಂಟು ಹೊತ್ತಿಲ್ಲದ ಹೊತ್ತಿನಲ್ಲಿ ಹೋಗುತ್ತಿತ್ತು. ಹೋಟೆಲಿನವರು ಒಬ್ಬೊಬ್ಬರಾಗಿ ಬ್ಯಾಂಡ್ ಬಿಡಿಸಿದರು. ಅಲ್ಲಿ ಹೆಸರು ಮಾಡಿದ್ದ ಪಿಯಾನೊ ವಾದಕ ಲೂಯಿ ಬ್ಯಾಂಕ್ಸ್ ಮುಂಬಯಿಗೆ ಹೋಗಿ ಸಿನಿಮಾ, ಜಾಹೀರಾತುಗಳಲ್ಲಿ ಬೆಳೆದರು. ಭೀಮಸೇನ ಜೋಶಿಯವರ ದನಿಯಿಂದ ಶುರುವಾಗುವ ‘ಮಿಲೇ ಸುರ್ ಮೇರಾ ತುಮ್ಹಾರಾ’ದ ಸಂಗೀತದಲ್ಲಿ ಅವರ ಕೈಯಿದೆ. ಕಿಟ್ಟೊ ಹೋಗಲಿಲ್ಲ. ಹಟವೆನ್ನಿ, ನಿಷ್ಠೆಯೆನ್ನಿ, ಇವರ ವೃತ್ತಿಜೀವನದ ದಿಕ್ಕನ್ನು ಗೊತ್ತುಮಾಡಿದ್ದು ಈ ನಿರ್ಧಾರ. ವೇದಿಕೆ ಕಿರಿದಾದಂತೆ ಪಾಠವೇ ಮುಖ್ಯ ಉದ್ಯೋಗವಾಯಿತು.

1915ರಲ್ಲಿ ಶುರುವಾದ ಕಲ್ಕತ್ತಾ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲೂ ಮನೆಯಲ್ಲೂ ಇವರು ದಶಕಗಳ ಕಾಲ ಗಿಟಾರ್ ಕಲಿಸಿದರು. ಕಲಿಯುವವರಿಗೆ ಬೀಬಾಪ್ ಸುಲಭದ ತುತ್ತಲ್ಲ. ರಾಗಸಂಗೀತದಲ್ಲಿ ತಂಬೂರಿಯ ಷಡ್ಜ ಕದಲುವುದಿಲ್ಲ. ಇಲ್ಲಿ ಕಾರ್ಡು (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬದಲಾದಂತೆಲ್ಲ ವಾದಕ ನಿಂತ ನೆಲವೇ ಬದಲಾಗುತ್ತದೆ. ಡಿ ಮೈನರ್ ಸೆವೆನ್ತ್, ಜಿ ಸೆವೆನ್ತ್, ಸಿ ಮೇಜರ್ ಸೆವೆನ್ತ್ ಎಂಬ ಮೂರು ಕಾರ್ಡುಗಳ ಸರಣಿ ಜಾಝ್ ವಿದ್ಯಾರ್ಥಿಯ ಸರಳೆ ವರಸೆ. ಅದರಲ್ಲಿ ಜಿ ಸೆವೆನ್ತ್ ಮೇಲೆ ಬೀಬಾಪ್ ವಾದಕರು ಏಳು ಸ್ವರಕ್ಕೆ ಇನ್ನೊಂದು ಸೇರಿಸಿ ಎಂಟು ಮಾಡುತ್ತಾರೆ. ಜಿಯನ್ನು ಷಡ್ಜವೆಂದುಕೊಂಡರೆ ಕೋಮಲ ನಿಷಾದ, ಶುದ್ಧ ನಿಷಾದ ಎರಡೂ ಬಂದಂತಾಯಿತು; ಅಂದರೆ ನಮ್ಮ ಖಮಾಜ್ ರಾಗದ ಸ್ವರಗಳೇ. ಖಮಾಜ್‌ನಲ್ಲಿ ಸಾಮಾನ್ಯವಾಗಿ ಏರುವಾಗ ಒಂದು, ಇಳಿಯುವಾಗ ಇನ್ನೊಂದು. ಬೀಬಾಪ್‌ನಲ್ಲಿ ಎರಡನ್ನೂ ಒಂದರ ಬೆನ್ನಿಗೊಂದು ನುಡಿಸುತ್ತಾರೆ. ಹೀಗೆ ಮಾಡಿದರೆ ದ್ರುತದಲ್ಲಿ ಇಳಿಯುವಾಗಲೂ ಕಾರ್ಡಿನ ಸ್ವರಗಳು ತಾಳದ ಪೆಟ್ಟಿಗೆ ಸರಿಯಾಗಿ ಬೀಳುತ್ತವೆ. ಇದು ಬೆರಳಿಗೆ ಹತ್ತಲು ವರ್ಷಗಳೇ ಬೇಕು.

ಬೆಳಗಾವಿ ಜಿಲ್ಲೆಯ ಯಮಕನಮರಡಿ, ಹುಕ್ಕೇರಿ, ಗೋಕಾಕ ಸೀಮೆಯ ಓದುಗರಿಗೆ ನುಡಿಸುತ್ತ ಕಲಿಸುವ ಇಂಥ ಬಾಳು ಅಪರಿಚಿತವಲ್ಲ. ಬೆಳಗಾವಿಯಲ್ಲಿ ರಾಮಭಾವು ವಿಜಾಪುರೆಯವರು ದೊಡ್ಡ ದೊಡ್ಡ ಗಾಯಕರಿಗೆ ಪೇಟಿ ಸಾಥ್ ಕೊಡುತ್ತಲೇ ತಲೆಮಾರುಗಳಿಗೆ ಪೇಟಿ ಕಲಿಸಿದರು. ಆದರೆ ಒಂದು ವ್ಯತ್ಯಾಸ ಸಣ್ಣದಲ್ಲ. ವಿಜಾಪುರೆ ಮಾಸ್ತರರ ಸುತ್ತ ಕೇಳುವ ಕಿವಿಗಳಿದ್ದವು. ಕಿಟ್ಟೊ ಕಲಿಸಿದ್ದನ್ನು ಕೇಳುವವರು ಕೋಲ್ಕತ್ತದಲ್ಲೂ ಕಡಿಮೆಯಾಗುತ್ತ ಹೋದರು.

ಭಾರತದ ಜಾಝ್ ಹೊರಗೆ ಹೆಸರಾದದ್ದು ಹೆಚ್ಚಾಗಿ ಭಾರತೀಯ ಸಂಗೀತದೊಂದಿಗಿನ ಬೆರಕೆಯಿಂದ. ಮುಂಬಯಿಯ ಗಿಟಾರಿಗ ಅಮಾನ್ಸಿಯೊ ಡಿಸಿಲ್ವ ಲಂಡನ್ನಿಗೆ ಹೋಗಿ 1969ರಲ್ಲಿ ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ಜೊತೆ ‘ಹಮ್ ದೋನೋ’ ಧ್ವನಿಮುದ್ರಿಸಿದರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿದ ‘ಜ್ಯೋತಿ’ 1983ರದು. ಕಿಟ್ಟೊ ಈ ದಾರಿ ತುಳಿಯದೆ 1940ರ ದಶಕದ ಹಾರ್ಲೆಮ್‌ನ ಬೀಬಾಪ್ ಶೈಲಿಗೇ ಅಂಟಿಕೊಂಡರು. ಈಗಿನ ಕಣ್ಣಿಗೆ ಇದು ಹಳೆಗಾಲದ ಮಡಿಯಂತೆ ಕಾಣಬಹುದು. ಆ ಮಡಿ ಇಲ್ಲದಿದ್ದರೆ ಇವರ ಶಿಷ್ಯರಿಗೆ ಬೀಬಾಪ್ ರೆಕಾರ್ಡಿನಲ್ಲಷ್ಟೇ ಸಿಗುತ್ತಿತ್ತು.

2010ರ ದಶಕದ ಆರಂಭದಲ್ಲಿ ಸುಶೀಲ್ ಕುರಿಯನ್ ಭಾರತದ ಜಾಝ್ ಚರಿತ್ರೆ ಕುರಿತು ತೆಗೆದ ಸಾಕ್ಷ್ಯಚಿತ್ರಕ್ಕೆ ‘ಫೈಂಡಿಂಗ್ ಕಾರ್ಲ್‌ಟನ್’ ಎಂದೇ ಹೆಸರಿಟ್ಟರು. ಪಾರ್ಕ್ ಸ್ಟ್ರೀಟಿನ ಆಚೆಗೆ ಇವರ ಹೆಸರು ಹಬ್ಬಿದ್ದು ಅದರಿಂದ. 2016ರ ನವೆಂಬರಿನಲ್ಲಿ ಕಿಟ್ಟೊ ನಿಧನರಾದರು.