ಬೀಪ್ ಸದ್ದಿನ ಚರಿತ್ರೆ

ಡೆಸ್ಕ್‌ಟಾಪ್ ಕಂಪ್ಯೂಟರ್ ಆನ್ ಆಗದಿದ್ದಾಗ ದುರಸ್ತಿಗಾರರು ದೋಷ ಹುಡುಕುವ ಕ್ರಮ ಊರು ಯಾವುದಾದರೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಮೊದಲು ಕರೆಂಟು, ಆಮೇಲೆ ಮದರ್‌ಬೋರ್ಡ್ ಮತ್ತು ಪ್ರೊಸೆಸರ್, ಅನಂತರ ರ‍್ಯಾಮ್, ಅದಾದ ಮೇಲೆ ಡಿಸ್‌ಪ್ಲೇ, ಕೊನೆಗೆ ಹಾರ್ಡ್‌ಡಿಸ್ಕ್. ಕೈಕೆಲಸದ ಅನುಭವದಿಂದ ತಾನಾಗಿ ರೂಪುಗೊಂಡಂತೆ ತೋರುವ ಈ ಕ್ರಮದ ಬೇರು, 1981ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಬೋಕಾ ರೇಟನ್‌ನಲ್ಲಿ ಐಬಿಎಂ ಎಂಜಿನಿಯರುಗಳು ಬರೆದು 8 ಕಿಲೋಬೈಟ್‌ಗಳ ಒಂದು ರಾಮ್ (ROM, ಓದಲು ಮಾತ್ರ ಬರುವ ಸ್ಮೃತಿ) ಚಿಪ್ಪಿನಲ್ಲಿ ಕೂರಿಸಿದ ಪ್ರೋಗ್ರಾಮಿನಲ್ಲಿದೆ. ಯಂತ್ರ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಅನುಕ್ರಮವನ್ನೇ ದುರಸ್ತಿಗಾರರೂ ತಮ್ಮದಾಗಿಸಿಕೊಂಡರು.

ಅದಕ್ಕೆ ಮೊದಲಿನ ಅನೇಕ ಕಿರು ಕಂಪ್ಯೂಟರುಗಳಿಗೆ ಕೆಟ್ಟಾಗ ಏನನ್ನೂ ಹೇಳುವ ಶಕ್ತಿಯಿರಲಿಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ ಆಲ್ಟೇರ್ 8800ರ ಮಾಲೀಕ ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಆರಂಭದ ಪ್ರೋಗ್ರಾಮನ್ನು ಒಂದೊಂದೇ ಬೈಟಿನಂತೆ ತಾನೇ ಸ್ಮೃತಿಗೆ ಸೇರಿಸಬೇಕಾಗಿತ್ತು. ಯಂತ್ರ ಓಡದೆ ಹೋದರೆ ತಪ್ಪು ಸ್ವಿಚ್ಚಿನದೋ, ಸ್ಮೃತಿಯದೋ, ಬೆಸುಗೆಯದೋ ಎಂಬುದನ್ನು ಸಾಲುದೀಪಗಳನ್ನು ನೋಡಿ ಊಹಿಸಬೇಕಾಗಿತ್ತು.

1981ರ ಆಗಸ್ಟ್ 12ರಂದು ಬಿಡುಗಡೆಯಾದ ಐಬಿಎಂ ಪಿಸಿ ಈ ಸ್ಥಿತಿಯನ್ನು ಬದಲಿಸಿತು. ಅದರ ರಾಮ್ ಚಿಪ್ಪಿನಲ್ಲಿದ್ದ ಬಯಾಸ್, ಅಂದರೆ ಯಂತ್ರದ ಭಾಗಗಳಿಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವೆ ನಿಂತು ಕೆಲಸ ಮಾಡುವ ಮೂಲ ಪ್ರೋಗ್ರಾಮು, ಸ್ವಿಚ್ ಒತ್ತಿದ ಕೂಡಲೇ ಒಂದು ಸ್ವಪರೀಕ್ಷೆಯನ್ನು ನಡೆಸುತ್ತಿತ್ತು. ಇದಕ್ಕೇ ಇಂದಿಗೂ ಪೋಸ್ಟ್ ಎಂಬ ಹೆಸರಿದೆ. ಇಂಟೆಲ್ 8088 ಪ್ರೊಸೆಸರು ತನ್ನ ರಿಜಿಸ್ಟರುಗಳು, ಎಂದರೆ ಲೆಕ್ಕಕ್ಕೆಂದು ಒಳಗೇ ಇರುವ ಪುಟ್ಟ ಸ್ಮೃತಿಕೋಶಗಳು, ಸರಿಯಾಗಿವೆಯೇ ಎಂದು ಮೊದಲು ನೋಡಿಕೊಳ್ಳುತ್ತಿತ್ತು. ಆಮೇಲೆ ರಾಮ್‌ನಲ್ಲಿರುವ ಬೈಟುಗಳನ್ನೆಲ್ಲ ಕೂಡಿ, ಮೊತ್ತದ ಕೊನೆಯ ಎಂಟು ಬಿಟ್‌ಗಳು ಸೊನ್ನೆಯಾಗುತ್ತವೆಯೇ ಎಂದು ತಾಳೆ ನೋಡುತ್ತಿತ್ತು. ಅನಂತರ ಟೈಮರ್, ಮೊದಲ 16 ಕಿಲೋಬೈಟ್ ಸ್ಮೃತಿ, ಡಿಸ್‌ಪ್ಲೇ ಕಾರ್ಡ್, ಉಳಿದ ಸ್ಮೃತಿ, ಕೀಬೋರ್ಡ್, ಫ್ಲಾಪಿ ಡ್ರೈವ್ ಹೀಗೆ ಪರೀಕ್ಷೆ ಮುಂದುವರಿಯುತ್ತಿತ್ತು. ಪ್ರತಿಯೊಂದು ಹಂತವೂ ಅದಾಗಲೇ ಪರೀಕ್ಷೆಯಲ್ಲಿ ಗೆದ್ದ ಭಾಗಗಳನ್ನು ಮಾತ್ರ ನಂಬಿ ಮುಂದಿನದನ್ನು ಪರೀಕ್ಷಿಸುತ್ತದೆ ಎಂಬುದು ಈ ರಚನೆಯ ನಿಜವಾದ ಜಾಣ್ಮೆ.

ಬೀಪ್ ಸದ್ದು ಹುಟ್ಟಿದ್ದೂ ಇದೇ ತರ್ಕದಿಂದ. ಆ ಯಂತ್ರದಲ್ಲಿ ಡಿಸ್‌ಪ್ಲೇ ಎಂಬುದು ಪ್ರತ್ಯೇಕವಾಗಿ ಚುಚ್ಚುವ ಕಾರ್ಡಾಗಿದ್ದುದರಿಂದ, ಆ ಕಾರ್ಡೇ ಕೆಟ್ಟಿದ್ದರೆ ಪರದೆಯ ಮೇಲೆ ಏನನ್ನೂ ಬರೆಯುವಂತಿರಲಿಲ್ಲ. ಆದರೆ ಟೈಮರ್ ಚಿಪ್ಪಿಗೆ ಜೋಡಿಸಿದ ಪುಟ್ಟ ಸ್ಪೀಕರನ್ನು ಮೊಳಗಿಸಲು ಪರದೆ ಬೇಕಾಗಿರಲಿಲ್ಲ. ಒಂದು ಚಿಕ್ಕ ಬೀಪ್ ಎಂದರೆ ಎಲ್ಲವೂ ಸರಿ, ಒಂದು ಉದ್ದ ಮತ್ತು ಎರಡು ಚಿಕ್ಕ ಬೀಪ್ ಎಂದರೆ ಡಿಸ್‌ಪ್ಲೇ ದೋಷ. ಪ್ರೊಸೆಸರಿನ ಮೊದಲ ಪರೀಕ್ಷೆಯೇ ಸೋತರೆ ಪ್ರೋಗ್ರಾಮು ಅಲ್ಲೇ ನಿಂತುಬಿಡುತ್ತಿತ್ತು. ಆದ್ದರಿಂದ ಪೂರ್ಣ ಮೌನಕ್ಕೂ ಅರ್ಥವಿತ್ತು: ದೋಷ ಕರೆಂಟಿನಲ್ಲೋ ಬೋರ್ಡಿನಲ್ಲೋ ಪ್ರೊಸೆಸರಿನಲ್ಲೋ ಇದೆ, ಅದಕ್ಕಿಂತ ಮುಂದೆ ಹುಡುಕಿ ಫಲವಿಲ್ಲ.

ಪರದೆ ಜೀವಂತವಾಗಿದ್ದರೆ ಸೂಚನೆ ಇನ್ನಷ್ಟು ನಿಖರವಾಗಿರುತ್ತಿತ್ತು. 301 ಎಂದರೆ ಕೀಬೋರ್ಡ್, 601 ಎಂದರೆ ಫ್ಲಾಪಿ, 201 ಎಂದರೆ ಸ್ಮೃತಿ. 201ರ ಹಿಂದೆ ಮೂಡುತ್ತಿದ್ದ ಅಂಕಿಗಳು ದೋಷ ಯಾವ ಸಾಲಿನ ಎಷ್ಟನೆಯ ಬಿಟ್‌ನಲ್ಲಿದೆ ಎಂಬುದನ್ನೂ ತಿಳಿಸುತ್ತಿದ್ದವು. ಸಾಲಿಗೆ ಒಂಬತ್ತರಂತೆ, ಎಂಟು ದತ್ತಾಂಶಕ್ಕೆ ಮತ್ತು ಒಂದು ತಾಳೆಗೆ, ಚಿಪ್ಪುಗಳು ಬೋರ್ಡಿನ ಮೇಲೆ ಕೂತಿದ್ದುದರಿಂದ, ದುರಸ್ತಿಗಾರ ಆ ಅಂಕಿಯನ್ನು ಓದಿ ಕೆಟ್ಟ ಒಂದೇ ಚಿಪ್ಪನ್ನು ಸಾಕೆಟ್ಟಿನಿಂದ ಕಿತ್ತು ಹೊಸದನ್ನು ಹಾಕಬಹುದಾಗಿತ್ತು. ಇಡೀ ಬೋರ್ಡನ್ನೇ ಬದಲಿಸುವ ಇಂದಿನ ರೂಢಿಯ ಪಕ್ಕದಲ್ಲಿಟ್ಟು ನೋಡಿದರೆ ಈ ಸೂಕ್ಷ್ಮತೆಯ ಬೆಲೆ ತಿಳಿಯುತ್ತದೆ.

ಇವೆಲ್ಲಕ್ಕಿಂತ ಮಹತ್ವದ ಸಂಗತಿಯೆಂದರೆ, ಐಬಿಎಂ ತನ್ನ ತಾಂತ್ರಿಕ ಕೈಪಿಡಿಯಲ್ಲಿ ಸರ್ಕ್ಯೂಟಿನ ನಕ್ಷೆಗಳ ಜೊತೆಗೆ ಬಯಾಸ್‌ನ ಪೂರ್ತಿ ಪ್ರೋಗ್ರಾಮು ಪಠ್ಯವನ್ನೂ ಅಚ್ಚುಹಾಕಿಸಿತು. ಯಂತ್ರ ಯಾವ ಸಾಲಿನಲ್ಲಿ ಏಕೆ ನಿಲ್ಲುತ್ತದೆ ಎಂಬುದನ್ನು ಕಂಪನಿಯ ಹೊರಗಿನವರೂ ಓದಿ ತಿಳಿಯಬಹುದಾಯಿತು. ಬಯಾಸ್ ಬರೆದವರಲ್ಲಿ ಒಬ್ಬರಾದ ಡೇವಿಡ್ ಬ್ರ್ಯಾಡ್ಲಿ ರೂಪಿಸಿದ ಕಂಟ್ರೋಲ್-ಆಲ್ಟ್-ಡಿಲೀಟ್ ಕೀಲಿಗಳ ಗುಟ್ಟೂ ಅದೇ ಪುಟಗಳಲ್ಲಿತ್ತು: ಆ ಮೂರು ಕೀಲಿ ಒತ್ತಿದಾಗ ಸ್ಮೃತಿಯ ಒಂದು ನಿಗದಿತ ಜಾಗದಲ್ಲಿ 1234 ಎಂಬ ಹೆಕ್ಸ್ ಸಂಖ್ಯೆ ದಾಖಲಾಗುತ್ತದೆ, ಅದನ್ನು ಕಂಡ ಪೋಸ್ಟ್ ಬಹಳ ಹೊತ್ತು ಹಿಡಿಯುವ ಸ್ಮೃತಿ ಪರೀಕ್ಷೆಯನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ.

ಆದರೆ ಓದಲು ಸಿಕ್ಕ ಪಠ್ಯವನ್ನು ನಕಲು ಮಾಡಲು ಕೃತಿಸ್ವಾಮ್ಯ ಅಡ್ಡಿಯಾಗಿತ್ತು. ಹಾಗಾಗಿ ಕಾಂಪ್ಯಾಕ್, ಫೀನಿಕ್ಸ್ ಮುಂತಾದ ಕಂಪನಿಗಳು ಅದೇ ಕೆಲಸ ಮಾಡುವ ಬೇರೆ ಬಯಾಸ್‌ಗಳನ್ನು ಹೊಸದಾಗಿ ಬರೆದವು. ಭಾರತೀಯ ಮೂಲದ ಎಸ್. ಶಂಕರ್ 1985ರಲ್ಲಿ ಸಹಸ್ಥಾಪಿಸಿದ ಅಮೆರಿಕನ್ ಮೆಗಾಟ್ರೆಂಡ್ಸ್, ಅಂದರೆ ಎಎಂಐ, ಮತ್ತು ಅವಾರ್ಡ್ ಎಂಬ ಕಂಪನಿಗಳ ಬಯಾಸ್‌ಗಳು ಅಸೆಂಬಲ್ಡ್ ಕಂಪ್ಯೂಟರುಗಳಲ್ಲಿ ಬಹಳವಾಗಿ ಹರಡಿದವು. ಪ್ರತಿ ಕಂಪನಿಯ ಬೀಪ್ ಲೆಕ್ಕ ಬೇರೆಯಾದ್ದರಿಂದ (ಎಎಂಐಯಲ್ಲಿ ಎಂಟು ಬೀಪ್ ಡಿಸ್‌ಪ್ಲೇ ದೋಷವಾದರೆ, ಅವಾರ್ಡ್‌ನಲ್ಲಿ ಅದು ಒಂದು ಉದ್ದ, ಎರಡು ಚಿಕ್ಕ) ಸದ್ದನ್ನು ಎಣಿಸುವ ಮೊದಲು ಬಯಾಸ್ ಚಿಪ್ಪಿನ ಮೇಲಿನ ಚೀಟಿಯನ್ನು ಓದಬೇಕಾಗುತ್ತಿತ್ತು. 1984ರ ಪಿಸಿ ಎಟಿ ಮಾದರಿಯಲ್ಲಿ ಪೋಸ್ಟ್ ಪ್ರತಿ ಹಂತದಲ್ಲೂ 80 ಎಂಬ ಹೆಕ್ಸ್ ಸಂಖ್ಯೆಯ ಪೋರ್ಟಿಗೆ ಒಂದೊಂದು ಸಂಕೇತಾಂಕವನ್ನು ಕಳುಹಿಸತೊಡಗಿದ ಮೇಲೆ, ಅದನ್ನು ಎರಡು ಅಂಕಿಯ ಕೆಂಪು ದೀಪದಲ್ಲಿ ತೋರಿಸುವ ಡಯಾಗ್ನೋಸ್ಟಿಕ್ ಕಾರ್ಡುಗಳು ದುರಸ್ತಿ ಅಂಗಡಿಗಳಿಗೆ ಬಂದವು.

ಕರೆಂಟಿನ ಪರೀಕ್ಷೆಯ ಚರಿತ್ರೆ ಬೇರೆಯದು. ಹಳೆಯ ಯಂತ್ರಗಳಲ್ಲಿ ಸ್ವಿಚ್ಚು ಗೋಡೆಯ ಕರೆಂಟನ್ನೇ ನೇರವಾಗಿ ಹರಿಸುತ್ತಿತ್ತು. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ವಿನ್ಯಾಸದಲ್ಲಿ ಮುಂಭಾಗದ ಗುಂಡಿ ಮದರ್‌ಬೋರ್ಡಿಗೆ ಒಂದು ಸೂಚನೆಯನ್ನಷ್ಟೇ ಕೊಡುತ್ತದೆ, ಬೋರ್ಡು ಹಸಿರು ತಂತಿಯ ಮೂಲಕ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆ ಪೆಟ್ಟಿಗೆಯನ್ನು ಎಬ್ಬಿಸುತ್ತದೆ, ವೋಲ್ಟೇಜು ಸ್ಥಿರಗೊಂಡ ಮೇಲೆ ಎಸ್‌ಎಂಪಿಎಸ್ ಬೂದು ತಂತಿಯಲ್ಲಿ ಒಪ್ಪಿಗೆ ಕಳುಹಿಸುವವರೆಗೂ ಪ್ರೊಸೆಸರು ಕೆಲಸ ಶುರುಮಾಡುವುದಿಲ್ಲ. ಹಸಿರು ಮತ್ತು ಕಪ್ಪು ತಂತಿಗಳನ್ನು ಪೇಪರ್ ಕ್ಲಿಪ್ಪಿನಿಂದ ಜೋಡಿಸಿ, ಫ್ಯಾನು ತಿರುಗುತ್ತದೆಯೇ ಎಂದು ನೋಡುವ ಪರೀಕ್ಷೆ ಬಂದದ್ದು ಹೀಗೆ. ಫ್ಯಾನು ತಿರುಗಿದ ಮಾತ್ರಕ್ಕೆ ವೋಲ್ಟೇಜು ಸರಿಯಿದೆಯೆಂದು ಖಾತ್ರಿಯಿಲ್ಲವಾದ್ದರಿಂದ ಮಲ್ಟಿಮೀಟರ್ ಹಿಡಿಯುವುದು ತಪ್ಪುವುದಿಲ್ಲ.

ಭಾರತದಲ್ಲಿ ಕಂಪ್ಯೂಟರ್ ದುರಸ್ತಿ ಮೊದಲು ಸರ್ಕಾರದ ಹೊಣೆಯಾಗಿ ಬೆಳೆಯಿತು. ವಿದೇಶಿ ಬಂಡವಾಳದ ನಿಯಮಗಳನ್ನು ಒಪ್ಪದೆ ಐಬಿಎಂ 1978ರಲ್ಲಿ ದೇಶ ಬಿಟ್ಟಾಗ, ಅದರ ಯಂತ್ರಗಳ ನಿರ್ವಹಣೆಯನ್ನು 1975ರಲ್ಲಿ ಸ್ಥಾಪಿತವಾಗಿದ್ದ ಸರ್ಕಾರಿ ಸಂಸ್ಥೆ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಶನ್ ವಹಿಸಿಕೊಂಡಿತು. 1984ರ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲಗೊಳಿಸಿದ ಮೇಲೆ ಪಿಸಿಗಳ ಸಂಖ್ಯೆ ಬೆಳೆದು, ಕೆಲಸ ಚಿಕ್ಕ ಅಂಗಡಿಗಳ ಕೈಗೂ ಬಂತು, ಬೆಂಗಳೂರಿನ ಎಸ್.ಪಿ. ರಸ್ತೆ ಬಿಡಿಭಾಗಗಳ ದೊಡ್ಡ ಪೇಟೆಯಾಯಿತು. ಈ ಅಂಗಡಿಗಳಲ್ಲಿ 'ಡಿಸ್‌ಪ್ಲೇ ಬರ್ತಿಲ್ಲ' ಎಂಬ ದೂರಿಗೆ ಸಿಗುತ್ತಿದ್ದ ಮೊದಲ ಮದ್ದು, ರ‍್ಯಾಮ್ ಕಡ್ಡಿಯನ್ನು ಹೊರತೆಗೆದು ಅದರ ಚಿನ್ನದ ಬಣ್ಣದ ತುದಿಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು. ಧೂಳೂ ತೇವವೂ ಸೇರಿ ತುದಿಗಳ ಮೇಲೆ ಕಟ್ಟುವ ತೆಳುಪದರ ಸಂಪರ್ಕವನ್ನು ಕೆಡಿಸುತ್ತದೆಯಾದ್ದರಿಂದ ಈ ಉಪಾಯಕ್ಕೆ ಗಟ್ಟಿ ಕಾರಣವಿದೆ.

1999ರ ಏಪ್ರಿಲ್ 26ರಂದು ಈ ವಿದ್ಯೆಗೆ ಹೊಸ ಬಗೆಯ ಸವಾಲು ಎದುರಾಯಿತು. ತೈವಾನಿನ ಚೆನ್ ಇಂಗ್-ಹೌ ಬರೆದ ಸಿಐಎಚ್ ವೈರಸ್ ಆ ದಿನ ಎಚ್ಚೆತ್ತು, ಹಾರ್ಡ್‌ಡಿಸ್ಕಿನ ಆರಂಭದ ಭಾಗವನ್ನು ಅಳಿಸಿದ್ದಲ್ಲದೆ, ಕೆಲವು ಬೋರ್ಡುಗಳಲ್ಲಿ ಮರುಬರೆಯಬಹುದಾದ ಬಯಾಸ್ ಚಿಪ್ಪನ್ನೂ ಹಾಳುಗೆಡವಿತು. ಭಾಗಗಳೆಲ್ಲ ಸರಿಯಿದ್ದೂ ಯಂತ್ರ ಮೌನವಾಯಿತು. ಚಿಪ್ಪು ಸಾಕೆಟ್ಟಿನಲ್ಲಿದ್ದಲ್ಲಿ ಕೈಚಳಕದವರು ಅದೇ ಮಾದರಿಯ ಬೇರೆ ಯಂತ್ರವನ್ನು ಆನ್ ಮಾಡಿ, ಅದು ಓಡುತ್ತಿರುವಾಗಲೇ ಅದರ ಬಯಾಸ್ ಚಿಪ್ಪನ್ನು ಎಚ್ಚರದಿಂದ ಕಿತ್ತು, ಕೆಟ್ಟ ಚಿಪ್ಪನ್ನು ಆ ಜಾಗದಲ್ಲಿಟ್ಟು ಮರಳಿ ಬರೆಯುತ್ತಿದ್ದರು; ಪ್ರೋಗ್ರಾಮು ಅದಾಗಲೇ ರ‍್ಯಾಮ್‌ಗೆ ಬಂದಿರುತ್ತಿದ್ದುದರಿಂದ ಇದು ಸಾಧ್ಯವಾಗುತ್ತಿತ್ತು. ಬೆನ್ನಿಗೇ 2000ದ ದಶಕದ ಮೊದಲ ವರ್ಷಗಳಲ್ಲಿ ದೋಷಪೂರಿತ ಎಲೆಕ್ಟ್ರೊಲೈಟ್ ತುಂಬಿದ ಕೆಪಾಸಿಟರುಗಳು ಉಬ್ಬಿ ಸೋರಿ ಅಸಂಖ್ಯ ಬೋರ್ಡುಗಳು ಸತ್ತವು. ಈ ದೋಷಕ್ಕೆ ಬೀಪ್ ಸಂಕೇತವಿರಲಿಲ್ಲ, ಕ್ಯಾಬಿನೆಟ್ ತೆರೆದು ಕಣ್ಣಿನಿಂದಲೇ ಗುರುತಿಸಬೇಕಾಗಿತ್ತು.

2005ರಲ್ಲಿ, ಬಯಾಸ್‌ನ ಜಾಗಕ್ಕೆ ಬಂದ ಹೊಸ ಮಾನದಂಡವಾದ ಯುಇಎಫ್ಐಯನ್ನು ನೋಡಿಕೊಳ್ಳುವ ಯುಇಎಫ್ಐ ಫೋರಮ್ ರೂಪುಗೊಂಡ ಮೇಲೆ ಹಳೆಯ ಬಯಾಸ್ ಕ್ರಮೇಣ ತೆರೆಮರೆಗೆ ಸರಿಯಿತು, ಕ್ಯಾಬಿನೆಟ್ಟಿನಿಂದ ಸ್ಪೀಕರೂ ಮಾಯವಾಯಿತು. ಈಗ ಅನೇಕ ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡ್ರ್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿರುತ್ತವೆ, ಅವುಗಳ ಅನುಕ್ರಮ 1981ರ ಪರೀಕ್ಷೆಯದೇ. ಅಗ್ಗದ ಬೋರ್ಡುಗಳಲ್ಲಿ ಈ ದೀಪಗಳೂ ಇಲ್ಲದಿರುವುದು ಗ್ರಾಹಕನಿಗೆ ಆಗುತ್ತಿರುವ ನಿಜವಾದ ನಷ್ಟ, ಯಾಕೆಂದರೆ ಡಿಡಿಆರ್5 ಸ್ಮೃತಿ ಹಾಕಿದ ಹೊಸ ಯಂತ್ರ ಮೊದಲ ಸಲ ಆನ್ ಆದಾಗ ಸ್ಮೃತಿಯ ಸಂಕೇತಗಳ ಕಾಲವನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷಗಳೇ ಹಿಡಿಯಬಹುದು. ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುವುದರಿಂದ ಕೆಟ್ಟಿದೆಯೆಂದು ತಿಳಿದು ನಡುವೆ ಕರೆಂಟು ತೆಗೆದರೆ ಆ ಹೊಂದಾಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.